ಕುವೊಪಿಯೊದ ಒನೆರ್ವಾ

ತೈಮಿಯ ಉಣ್ಣೆ ಬೂಟುಗಳಿಗೆ ಊರವರೆಲ್ಲ ಜಾಲತಾಣದ ಪುಟದಲ್ಲಿ ಐದಕ್ಕೆ ಮೂರು ಮೂರೇ ನಕ್ಷತ್ರ ಕೊಟ್ಟದ್ದು ಪ್ರೀತಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊರಗಿನವರು ಯಾರಾದರೂ ಆ ಪುಟ ನೋಡಿದ್ದರೆ, ಸಾಲ್ಮೆಲಾ ಊರಿಗೂ ಈ ಹೆಂಗಸಿಗೂ ಹಳೆಯ ಹಗೆ ಏನೋ ಇರಬೇಕು ಎಂದುಕೊಳ್ಳುತ್ತಿದ್ದರು.

ಆ ನಕ್ಷತ್ರಗಳನ್ನು ಕೇಳಿ ಹಾಕಿಸಿದವಳು ರೇತ್ತಾ. ತೈಮಿಯ ತಮ್ಮನ ಮಗ ಆರ್ತುವಿನ ಹೆಂಡತಿ, ಸಮುದ್ರದ ಕಡೆಯ ತುರ್ಕು ಊರಿನವಳು. ಅವರ ಮನೆಗೂ ತೈಮಿಯ ಮನೆಗೂ ನಡುವೆ ಇರುವುದು ಒಂದೇ ಅಂಗಳ. ಸಣ್ಣಪುಟ್ಟ ವ್ಯಾಪಾರಸ್ಥರ ಪರವಾಗಿ ಸಾಮಾಜಿಕ ಜಾಲತಾಣಗಳಲ್ಲಿ ಬರೆಯುವುದು ರೇತ್ತಾಳ ಕಸುಬು. ಹಲ್ಲಿನ ಡಾಕ್ಟರು, ಟ್ರಾಕ್ಟರ್ ಮಾರುವವರು, ದೋಣಿಕಟ್ಟೆಯ ಕಾಫಿ ಅಂಗಡಿ, ಎಲ್ಲರ ಗುಣಗಾನವೂ ಅವಳ ಅಡುಗೆಮನೆಯ ಮೇಜಿನಿಂದಲೇ ಹೊರಡುತ್ತಿತ್ತು. ಬೆರಳು ಕೀಲಿಮಣೆಯ ಮೇಲಿದ್ದರೆ ಹೊಗಳಿಕೆ ತಾನಾಗಿ ಹರಿಯುತ್ತದೆ. ಎದುರಿಗೆ ಮನುಷ್ಯರು ಕೂತರೆ ಮಾತ್ರ ಬಾಯಿಗೆ ಬೀಗ. ಆ ಒಂದು ವಿಷಯದಲ್ಲಿ ಅವಳು ನಮ್ಮೂರಿಗೆ ಹೇಳಿ ಮಾಡಿಸಿದ ಸೊಸೆ.

ತೈಮಿ ಸಾಧು ಪ್ರಾಣಿಯೇನಲ್ಲ. ಅಗಲ ಭುಜ, ಬಿಸಿನೀರಿನಲ್ಲಿ ಬೆಂದು ಕೆಂಪಾದ ಕೈ, ಪಕ್ಕದೂರಿನವರು ಹೆಣೆದ ಕಾಲುಚೀಲ ಕಂಡರೆ ಮೂಗು ಮುರಿಯುವ ಚಟ. ಇಸ್ಪೀಟಿನಲ್ಲಿ ಸೋತರೆ ಎರಡು ದಿನ ಮಾತಿಲ್ಲ. ಆದರೆ ಬೂಟಿನ ವಿಷಯದಲ್ಲಿ ಅವಳ ಮೇಲೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಹಿಂಜಿದ ಉಣ್ಣೆಯನ್ನು ಪದರ ಪದರವಾಗಿ ಹಾಸಿ, ಬಿಸಿ ಸಾಬೂನು ನೀರು ಸುರಿದು, ಅದು ಕುಗ್ಗಿ ಗಟ್ಟಿಯಾಗುವ ತನಕ ನಾದಿ, ಮರದ ಅಚ್ಚಿಗೆ ಏರಿಸಿ, ಸೌನಾದ, ಎಂದರೆ ಒಲೆ ಉರಿಸಿ ಬಿಸಿಯೇರಿಸುವ ಸ್ನಾನದ ಕೋಣೆಯ, ಹಲಗೆಯ ಮೇಲೆ ಒಣಗಿಸುತ್ತಾಳೆ. ಊರಿನಲ್ಲಿ ಆ ಬೂಟು ಇಲ್ಲದ ಮನೆ ಇಲ್ಲ. ಚೆನ್ನಾಗಿದೆ ಎಂದು ಅವಳಿಗೆ ಹೇಳಿದವರೂ ಇಲ್ಲ.

ಪಟ್ಟಣದಲ್ಲಿ ಅವಳ ಬೂಟುಗಳನ್ನೆಲ್ಲ ಕೊಳ್ಳುತ್ತಿದ್ದ ಒಂದು ಅಂಗಡಿಯಿತ್ತು. ಅದು ವಸಂತದಲ್ಲಿ ಬಾಗಿಲು ಹಾಕಿತು. ಹೀಗೇ ಆದರೆ ಕ್ರಿಸ್ಮಸ್ ಆದಮೇಲೆ ಉಣ್ಣೆ ಹಿಂಜುವ ಯಂತ್ರವನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ ಎಂದು ತೈಮಿ ಒಂದು ದಿನ ಕಾಫಿ ಕುಡಿಯುತ್ತ ಹೇಳಿದಳು. ನಾಳೆ ಮೋಡ ಇರಬಹುದು ಎಂದಷ್ಟೇ ಸಲೀಸಾಗಿ ಹೇಳಿದ್ದಳು. ಅದನ್ನು ಕೇಳಿ ಆರ್ತು ಹೆದರಿದ. ಕೈಯಲ್ಲಿ ಉಣ್ಣೆ ಇಲ್ಲದ ತೈಮಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ರೇತ್ತಾ ಸೊಂಟ ಕಟ್ಟಿ ನಿಂತಳು. ಫೋಟೋ ತೆಗೆದಳು, ಕೈಕಸುಬಿನ ವಸ್ತುಗಳನ್ನು ಮಾರುವ ಒಂದು ಜಾಲತಾಣದಲ್ಲಿ ತೈಮಿಯ ಹೆಸರಿನಲ್ಲಿ ಅಂಗಡಿ ತೆರೆದಳು. ಮೊದಲ ತಿಂಗಳಲ್ಲೇ ಉತ್ತರದ ಲಾಪ್‌ಲ್ಯಾಂಡಿನಿಂದ ಸೇಯಾ ಎಂಬ ಹೋಟೆಲಿನ ಯಜಮಾನಿ ವಿಚಾರಿಸಿದಳು. ಪ್ರತಿ ಕೋಣೆಯಲ್ಲೂ ಅತಿಥಿಗಳಿಗೆ ಒಂದು ಜೊತೆ ಬೂಟು ಇಡಬೇಕೆಂದಿದೆ, ಸ್ವಲ್ಪ ದಿನ ಪುಟವನ್ನು ನೋಡುತ್ತಿರುತ್ತೇನೆ, ಆಮೇಲೆ ತಿಳಿಸುತ್ತೇನೆ ಎಂದು ಬರೆದಿದ್ದಳು. ಅಷ್ಟು ಬೂಟು ಎಂದರೆ ತೈಮಿಗೆ ಎರಡು ಚಳಿಗಾಲದ ಕೆಲಸ.

ಪುಟದಲ್ಲಿ ಒಂದೂ ಅಭಿಪ್ರಾಯ ಇರಲಿಲ್ಲ. ಹಾಗಾಗಿ ರೇತ್ತಾ ಎಲ್ವಿಯ ದಿನಸಿ ಅಂಗಡಿಗೆ ಹೋದಳು. ಅಲ್ಲಿ ಕಿಟಕಿಯ ಪಕ್ಕದ ಕಾಫಿ ಮೇಜಿನಲ್ಲಿ ಬೆಳಗಿನ ಹೊತ್ತು ಅರ್ಧ ಊರು ಕೂತಿರುತ್ತದೆ. ತೈಮಿಯ ಬೂಟು ಹಾಕಿಕೊಂಡವರೆಲ್ಲ ದಯವಿಟ್ಟು ಒಂದೆರಡು ಸಾಲು ಬರೆದು ನಕ್ಷತ್ರ ಕೊಡಿ ಎಂದು ಕೇಳಿಕೊಂಡಳು. ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ವಾರ ಕಳೆಯುವುದರೊಳಗೆ ಒಬ್ಬರೂ ಬಿಡದೆ ಬರೆದರು. ಕಂಪ್ಯೂಟರ್ ಇಲ್ಲದವರು ಎಲ್ವಿಯ ಅಂಗಡಿಯ ಕಂಪ್ಯೂಟರಿನಲ್ಲೇ ಬರೆದರು.

ನಿವೃತ್ತ ಬಸ್ ಡ್ರೈವರ್ ಉರ್ಹೊ: ಮೂರು ನಕ್ಷತ್ರ. ‘ಹನ್ನೊಂದು ವರ್ಷದಿಂದ ಹಾಕುತ್ತಿದ್ದೇನೆ. ಇನ್ನೂ ಹರಿದಿಲ್ಲ. ಮುಂದಿನದು ಹೇಳಲಾರೆ.’ ಎಲ್ವಿ: ಮೂರು. ‘ತಕರಾರಿಲ್ಲ.’ ಊರಿನ ನರ್ಸಮ್ಮ: ಮೂರು. ‘ಬೆಚ್ಚಗಿದೆ. ಅದಕ್ಕೇ ಕೊಂಡದ್ದು.’ ಪಾದ್ರಿಗಳು ಬಹಳ ಯೋಚಿಸಿ ‘ಆಗಬಹುದು’ ಎಂದು ಬರೆದಿದ್ದರು. ಎಲ್ಲಕ್ಕಿಂತ ಕೆಳಗೆ ಎರಡೇ ನಕ್ಷತ್ರದ ಒಂದು ಅಭಿಪ್ರಾಯವಿತ್ತು: ‘ಎಡಗಾಲಿನ ಹಿಮ್ಮಡಿ ಇನ್ನೂ ಚೆನ್ನಾಗಿ ಬರಬಹುದಿತ್ತು.’ ಅದನ್ನು ಬರೆದವಳು ಸ್ವತಃ ತೈಮಿ. ಎಲ್ಲರೂ ಬರೆಯುತ್ತಿದ್ದಾರೆ, ನಾನೊಬ್ಬಳು ತಪ್ಪಿಸಿಕೊಂಡರೆ ಚೆನ್ನಾಗಿರುವುದಿಲ್ಲ ಎಂದು ಅವಳೂ ಅಂಗಡಿಗೆ ಹೋಗಿ ಬಂದಿದ್ದಳು.

ನಾಲ್ಕೋ ಐದೋ ನಕ್ಷತ್ರದ ಅಭಿಪ್ರಾಯ ಒಂದಾದರೂ ಇಲ್ಲದಿದ್ದರೆ ಆ ಜಾಲತಾಣ ಅಂಗಡಿಯನ್ನು ಪಾತಾಳಕ್ಕೆ ತಳ್ಳುತ್ತದೆ. ಯಾರು ಹುಡುಕಿದರೂ ಸಿಗುವುದಿಲ್ಲ. ರೇತ್ತಾ ತಲೆಯ ಮೇಲೆ ಕೈ ಹೊತ್ತು ಕೂತಳು, ಆಮೇಲೆ ಎದ್ದು ಮತ್ತೆ ಕಾಫಿ ಮೇಜಿಗೆ ಹೋದಳು. ಉರ್ಹೊ ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದುತ್ತಿದ್ದ. ಹನ್ನೊಂದು ವರ್ಷ ಹರಿಯದ ಬೂಟಿಗೆ ಐದು ಯಾಕೆ ಕೊಡಬಾರದು ಎಂದು ಕೇಳಿದಳು.

“ಐದು ಅಂದ್ರೆ ಪ್ರಪಂಚದಲ್ಲಿ ಇದಕ್ಕಿಂತ ಒಳ್ಳೇದಿಲ್ಲ ಅಂತ ತಾನೆ?” ಎಂದ ಉರ್ಹೊ. “ನಾನೇನು ಪ್ರಪಂಚದ ಬೂಟೆಲ್ಲ ನೋಡ್ಕೊಂಡ್ ಬಂದಿದೀನಾ?”

“ಹೋಗ್ಲಿ, ನಾಲ್ಕು?”

“ನಾಲ್ಕು ಜಾಸ್ತಿ ಆಯ್ತು, ರೇತ್ತಾ. ನಾಲ್ಕು ನನ್ ಹೆಂಡ್ತಿಗೆ ಕೊಡ್ತಿದ್ದೆ.” ಬನ್ನು ಕಾಫಿಯೊಳಗೆ ಮುರಿದು ಬಿತ್ತು. ಅವನು ಚಮಚದಲ್ಲಿ ಅದನ್ನು ಹುಡುಕಿದ. “ಅವ್ಳಿಗೆ ಹೇಳಿರ್ಲಿಲ್ಲ.”

ಮೂರು ಎಂದರೆ ಒಳ್ಳೆಯದು, ಅದಕ್ಕಿಂತ ಮೇಲೆ ಹೋದರೆ ಜನ ನಮ್ಮ ಮಾತನ್ನು ನಂಬುವುದಿಲ್ಲ ಎಂದು ಎಲ್ವಿ ಕೌಂಟರಿನ ಹಿಂದಿನಿಂದ ಸೇರಿಸಿದಳು. ಮೇಜಿನ ಸುತ್ತ ಎಲ್ಲರೂ ತಲೆಯಾಡಿಸಿದರು. ಅವರಿಗೆ ಸ್ವಲ್ಪ ಬೇಜಾರೂ ಆಗಿತ್ತು. ಕೇಳಿದ್ದನ್ನು ಮಾಡಿಕೊಟ್ಟಮೇಲೂ ತಿದ್ದು ಅಂದರೆ ಯಾರಿಗೆ ಹಿಡಿಸುತ್ತದೆ?

ಮನೆಗೆ ಬಂದ ರೇತ್ತಾ ಮೇಜಿನ ಮುಂದೆ ಕೂತಳು. ತಾನು ಮಾಡಹೊರಟದ್ದು ತಪ್ಪೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ಹೆಸರಿನ ಅಭಿಪ್ರಾಯ ಹಾಕಿಸಬೇಡಿ, ಒಂದು ಸಿಕ್ಕಿಬಿದ್ದರೂ ನಿಮ್ಮ ನೂರು ನಿಜ ಮಾತು ನೀರುಪಾಲು ಎಂದು ಹಲ್ಲಿನ ಡಾಕ್ಟರಿಗೆ ಅವಳೇ ಪಾಠ ಹೇಳಿದ್ದಳು. ಡಾಕ್ಟರು ಕೇಳಿದ್ದರು. ಈಗ ಪಾಠ ಹೇಳಿದವಳೇ ಐದು ನಕ್ಷತ್ರ ಒತ್ತಿ, ಹೆಸರಿನ ಜಾಗದಲ್ಲಿ ‘ಒನೆರ್ವಾ, ಕುವೊಪಿಯೊ’ ಎಂದು, ಇಲ್ಲದ ಹೆಂಗಸೊಬ್ಬಳ ಹೆಸರನ್ನೂ ದೂರದ ಪಟ್ಟಣವೊಂದನ್ನೂ ಬರೆದಳು.

ಕೆಳಗೆ ಬರೆದದ್ದು ಇದು: ‘ಅಮ್ಮ ತೀರಿಕೊಂಡ ಚಳಿಗಾಲದಲ್ಲಿ ಮನೆಯೊಳಗೆ ಎಲ್ಲಿ ಕಾಲಿಟ್ಟರೂ ತಣ್ಣಗಿತ್ತು. ಹಾಸಿಗೆಯಿಂದ ಏಳಲು ಮನಸ್ಸಾಗುತ್ತಿರಲಿಲ್ಲ. ಈ ಬೂಟು ಹಾಕಿಕೊಂಡ ದಿನ ನೆಲ ಬೆಚ್ಚಗಾಯಿತು. ನಾನು ಎದ್ದು ಕಿಟಕಿಯ ತನಕ ಹೋದೆ, ಮರುದಿನ ಅಂಗಳಕ್ಕೆ ಹೋದೆ. ಇದನ್ನು ಮಾಡಿದ ಕೈಗಳಿಗೆ ತಾವು ಏನು ಮಾಡಿದೆವೆಂದು ಗೊತ್ತಿರಲಿಕ್ಕಿಲ್ಲ. ಇಂಥ ಕೈಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.’

ಬರೆದು ಮುಗಿಸಿದಾಗ ಅವಳ ಕಣ್ಣು ತುಂಬಿತ್ತು. ಯಾಕೆಂದರೆ ಹೆಸರೊಂದನ್ನು ಬಿಟ್ಟರೆ ಅಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಅಮ್ಮ ಹೋದದ್ದು ಅವಳು ಸಾಲ್ಮೆಲಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ. ಆಗ ತೈಮಿ ಸಾಂತ್ವನ ಹೇಳಲು ಬರಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಮೆಟ್ಟಿಲ ಮೇಲೆ ಒಂದು ಜೊತೆ ಬೂಟು ಇತ್ತು. ಅಂಗಳದ ಹಿಮದಲ್ಲಿ ಹೋಗಿಬಂದ ದೊಡ್ಡ ಹೆಜ್ಜೆಗಳಿದ್ದವು. ರೇತ್ತಾ ಆಮೇಲೆ ಅತ್ತೆಗೆ ಹೇಳಿದ್ದು ‘ಅಳತೆ ಸರಿಯಾಗಿದೆ’ ಎಂದು ಮಾತ್ರ.

ಆ ಅಭಿಪ್ರಾಯವನ್ನು ತೈಮಿಗೆ ಓದಿ ಹೇಳಿದವಳು ಎಲ್ವಿ. ತೈಮಿ ಕಾಫಿ ಲೋಟ ಕೆಳಗಿಟ್ಟಳಂತೆ, ಸೌನಾದಲ್ಲಿ ಬೂಟು ಒಣಗಿದೆಯೋ ಏನೋ ನೋಡಬೇಕು ಎಂದು ಎದ್ದು ಹೋದಳಂತೆ. ಸೌನಾದಿಂದ ಅವಳು ಹೊರಗೆ ಬಂದದ್ದು ಬಹಳ ಹೊತ್ತಿನ ಮೇಲೆ, ಕಣ್ಣು ಕೆಂಪಗೆ ಮಾಡಿಕೊಂಡು. ಅವತ್ತು ಸೌನಾಕ್ಕೆ ಬೆಂಕಿಯನ್ನೇ ಹಾಕಿರಲಿಲ್ಲ, ಹೊಗೆಯ ಮೇಲೆ ತಪ್ಪು ಹೊರಿಸುವಂತೆಯೂ ಇರಲಿಲ್ಲ.

ಮರುದಿನದಿಂದ ತೈಮಿಯ ಬಾಯಲ್ಲಿ ಒನೆರ್ವಾಳದೇ ಮಾತು. ಪಾಪ, ತಾಯಿಯಿಲ್ಲದ ಹೆಂಗಸು. ಕುವೊಪಿಯೊದಲ್ಲಿ ಗಾಳಿ ಜಾಸ್ತಿ, ಕಾಲೊಂದು ಬೆಚ್ಚಗಿದ್ದರೆ ಸಾಕೆ, ಕೈಗೂ ಏನಾದರೂ ಬೇಡವೆ? ಬೂದುಬಣ್ಣದ ಉಣ್ಣೆಯಲ್ಲಿ ಒಂದು ಜೊತೆ ಕೈಗವಸು ಮಾಡಿ ಶೆಲ್ಫಿನ ಮೇಲಿಟ್ಟಳು. ವಿಳಾಸ ಕೊಡು, ಸುಮ್ಮನೆ ಕಳಿಸಿಕೊಡೋಣ ಎಂದು ರೇತ್ತಾಳನ್ನು ಕೇಳಿದಳು. ಜಾಲತಾಣದವರು ವಿಳಾಸ ಕೊಡುವುದಿಲ್ಲ ಎಂದು ರೇತ್ತಾ ಹೇಳಿದಳು. ಒಂದು ಸುಳ್ಳಿನ ಹಿಂದೆ ಇನ್ನೊಂದು ಬಂದಿತ್ತು. ಆ ರಾತ್ರಿಯಿಂದ ಅವಳಿಗೆ ಊಟ ಸೇರಲಿಲ್ಲ.

ಹೇಳಿಬಿಡಬೇಕೆಂದು ದಿನಾ ಅಂಗಳ ದಾಟಿ ಹೋಗುತ್ತಿದ್ದಳು. ಅಲ್ಲಿ ತೈಮಿ ಉಣ್ಣೆ ನಾದುತ್ತ ಮೂಗಿನಲ್ಲೇ ಏನೋ ಗುನುಗುತ್ತಿರುತ್ತಿದ್ದಳು. ತೈಮಿ ಗುನುಗಿದ್ದನ್ನು ಆರ್ತು ಕೂಡ ಕೇಳಿರಲಿಲ್ಲ. ಎಡಗಾಲಿನ ಹಿಮ್ಮಡಿಯನ್ನು ಅವಳು ಈಗ ಎರಡೆರಡು ಸಲ ತಿದ್ದುತ್ತಿದ್ದಳು, ಕುವೊಪಿಯೊದವರು ನೋಡುತ್ತಿದ್ದಾರೆ ಎಂದು. ಇದನ್ನು ಹೇಗೆ ಕಿತ್ತುಕೊಳ್ಳುವುದು? ರೇತ್ತಾ ಒಂದು ಲೋಟ ಕಾಫಿ ಕುಡಿದು ವಾಪಸು ಬರುತ್ತಿದ್ದಳು.

ಒಂದು ಮಧ್ಯಾಹ್ನ ತೈಮಿಯೇ ಇವಳ ಅಡುಗೆಮನೆಗೆ ಬಂದಳು. ಮುಖ ಕೆಂಪೇರಿತ್ತು. ಹೋಟೆಲಿನ ಸೇಯಾ ಫೋನ್ ಮಾಡಿದ್ದಳಂತೆ. ಊರವರು ಬರೆದದ್ದರ ಬಗ್ಗೆ ಅವಳು ಏನೂ ಕೇಳಲಿಲ್ಲ. ಕೇಳಿದ್ದು ಆ ಐದು ನಕ್ಷತ್ರದ ಬಗ್ಗೆ. ಅದು ಯಾರೋ ದುಡ್ಡು ಕೊಟ್ಟು ಬರೆಸಿದ ಹಾಗೆ ಕಾಣುತ್ತದೆ, ಆ ಹೆಂಗಸು ನಿಜವಾಗಿ ಇದ್ದಾಳೆಯೇ, ಅದನ್ನು ನೋಡಿದಮೇಲೆ ನನಗೆ ಅನುಮಾನ ಬಂದು ನಿಂತಿದ್ದೇನೆ ಎಂದಳಂತೆ.

“ನಂಗೆ ಎಲ್ಲಿತ್ತೋ ಸಿಟ್ಟು,” ಎಂದಳು ತೈಮಿ. “ತಾಯಿ ಸತ್ತ ಹೆಂಗಸಿನ ಬಗ್ಗೆ ಹಿಂಗೆ ಮಾತಾಡ್ಬೇಡಿ ಅಂದೆ. ಇದಾಳೆ, ನಾನು ಮಾತು ಕೊಡ್ತೀನಿ ಅಂದೆ. ತೈಮಿ ಮಾತು ಅಂದ್ರೆ ಮಾತು ಅಂದೆ. ಆಗ ಅವ್ಳು, ಸರಿ, ನಿಮ್ಮ ಮಾತು ನಂಬ್ತೀನಿ, ನಾಳೆ ಆರ್ಡರ್ ಕಳಿಸ್ತೀನಿ ಅಂದ್ಲು.”

ಬೇಕಾದದ್ದು ಸಿಕ್ಕಿತ್ತು. ಯಂತ್ರ ಉಳಿಯುತ್ತದೆ, ಎರಡು ಚಳಿಗಾಲ ಕೈತುಂಬ ಕೆಲಸ. ಇನ್ನು ರೇತ್ತಾ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಒನೆರ್ವಾ ಕುವೊಪಿಯೊದಲ್ಲಿ ಸುಖವಾಗಿ ಬಾಳುತ್ತಾಳೆ. ಆದರೆ ಇಷ್ಟು ದಿನ ಆ ಸುಳ್ಳು ರೇತ್ತಾಳದಾಗಿತ್ತು. ಈಗ ಅದು ತೈಮಿಯ ಬಾಯಿಂದ ಬಂದಿತ್ತು, ತೈಮಿಗೆ ಗೊತ್ತೇ ಇಲ್ಲದೆ. ಇಸ್ಪೀಟಿನಲ್ಲಿ ಎಷ್ಟು ಸೋತರೂ ಒಂದು ಎಲೆ ಕದ್ದವಳಲ್ಲ ಆ ಹೆಂಗಸು. ತೈಮಿ ಕಾಫಿಗೂ ನಿಲ್ಲದೆ ಕೆಲಸದ ಕೊಟ್ಟಿಗೆಗೆ ಮರಳಿದಳು. ರೇತ್ತಾ ಹಿಂದೆಯೇ ಹೋದಳು.

ನಲ್ಲಿಯಿಂದ ತೊಟ್ಟಿಗೆ ಬಿಸಿನೀರು ಬೀಳುತ್ತಿತ್ತು. ತೈಮಿ ಅಂಗಿಯ ತೋಳು ಮಡಚಿ ಉಣ್ಣೆಯ ಮೇಲೆ ಕೈಯಿಟ್ಟಿದ್ದಳು.

“ಅತ್ತೆ, ಒನೆರ್ವಾ ಅನ್ನೋರು ಇಲ್ಲ.”

ತೈಮಿಯ ಕೈ ನಿಂತಿತು. “ಇಲ್ಲ ಅಂದ್ರೆ? ಹೋಗ್ಬಿಟ್ಲಾ?”

“ಹೋಗಿಲ್ಲ. ಮೊದ್ಲಿಂದ್ಲೂ ಇರ್ಲಿಲ್ಲ. ಬರ್ದಿದ್ದು ನಾನು.”

ತೈಮಿ ನಲ್ಲಿ ನಿಲ್ಲಿಸಿದಳು. ಶೆಲ್ಫಿನ ಮೇಲಿದ್ದ ಬೂದು ಕೈಗವಸುಗಳನ್ನು ನೋಡಿದಳು. ಆ ಮುಖ ಸಪ್ಪಗಾದದ್ದನ್ನು ನೋಡುವುದಕ್ಕಿಂತ ಅವಳು ಎರಡೇಟು ಹೊಡೆದಿದ್ದರೆ ವಾಸಿಯಿತ್ತು ಎಂದು ರೇತ್ತಾಳಿಗೆ ಅನ್ನಿಸಿತು.

“ನಾನು ಮಾತು ಕೊಟ್ಟಿದೀನಿ,” ಎಂದಳು ತೈಮಿ.

“ಗೊತ್ತು. ಅದಕ್ಕೇ ಬಂದೆ.”

“ಯಂತ್ರ ಉಳೀಲಿ ಅಂತ ಬರ್ದಿಯಾ?”

“ಹೂಂ.”

ತೈಮಿ ಅಂಗಿಯ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಆಮೇಲೆ ಬೇರೆ ದನಿಯಲ್ಲಿ ಕೇಳಿದಳು.

“ಅಮ್ಮ ತೀರ್ಕೊಂಡಿದ್ದು?”

“ಅದು ನಮ್ಮಮ್ಮ.”

“ನೆಲ ಬೆಚ್ಚಗಾಗಿದ್ದು?”

“ಅದು ನಿಮ್ಮ ಬೂಟು, ಅತ್ತೆ. ನೀವು ಮೆಟ್ಲ ಮೇಲೆ ಇಟ್ಟು ಹೋಗಿದ್ದು.”

ಹಾಗಾದರೆ ಹೆಸರೊಂದೇ ಸುಳ್ಳು ಎಂದು ತೈಮಿ ತನಗೆ ತಾನೇ ಹೇಳಿಕೊಂಡಳು. ಸುಳ್ಳು ಸುಳ್ಳೇ ಎಂದೂ ಹೇಳಿಕೊಂಡಳು. ನಂತರ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಫೋನ್ ಕೈಗೆತ್ತಿಕೊಂಡಳು. ನಾನೇ ಮಾತಾಡುತ್ತೇನೆ, ತಪ್ಪು ನನ್ನದು ಎಂದು ರೇತ್ತಾ ಮುಂದೆ ಬಂದಳು. ಮಾತು ಕೊಟ್ಟವಳು ನೀನಲ್ಲ ಎಂದು ತೈಮಿ ಕೈಯಲ್ಲೇ ತಡೆದಳು.

“ಸಾಲ್ಮೆಲಾದಿಂದ ತೈಮಿ. ನಿಮಗೆ ಒಂದು ಮಾತು ಕೊಟ್ಟಿದ್ದೆ, ಅದನ್ನ ವಾಪಸ್ ತಗೊಳ್ತಿದೀನಿ. ಆ ಒನೆರ್ವಾ ಇಲ್ಲ. ನನಗೆ ಗೊತ್ತಿರ್ಲಿಲ್ಲ. ಬರ್ದಿದ್ದು ನಮ್ಮ ಹುಡುಗಿ.” ಆ ಕಡೆಯವರು ಏನೋ ಕೇಳಿದರು. ತೈಮಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. “ಹಂಗಲ್ಲ. ಅವ್ಳು ಮೋಸಗಾತಿ ಅಲ್ಲ. ಬರ್ದಿದ್ದೆಲ್ಲ ಅವ್ಳಿಗೇ ಆಗಿದ್ದು. ನನ್ ಮುಖ ನೋಡ್ಕೊಂಡು ಹೇಳಕ್ಕೆ ನಾಚ್ಕೆ. ಅದಕ್ಕೆ ಕುವೊಪಿಯೊ ತನಕ ಹೋಗಿ ಹೇಳಿದಾಳೆ.”

ಬಾಗಿಲಿಗೆ ಒರಗಿ ನಿಂತಿದ್ದ ರೇತ್ತಾ ನೆಲ ನೋಡಿದಳು. ನಮ್ಮ ಹುಡುಗಿ. ಇಷ್ಟು ದಿನ ಊರವರ ಮುಂದೆ ಅವಳು ‘ಆರ್ತುವಿನ ಹೆಂಡತಿ’ ಆಗಿದ್ದಳು. ಇವತ್ತು, ಮರ್ಯಾದೆ ಕಳೆದ ದಿನವೇ, ಹೆಸರು ಬದಲಾಗಿತ್ತು.

ಆ ಕಡೆಯಿಂದ ಸೇಯಾ ಬಹಳ ಹೊತ್ತು ಮಾತಾಡಿದಳು. ತೈಮಿ ಹೂಂ, ಹೂಂ ಎಂದು ಕೇಳಿ, ಕೊನೆಗೆ ಆಗಲಿ ಎಂದು ಫೋನ್ ಇಟ್ಟಳು. ಸೇಯಾಳ ತಂದೆಯೂ ನಮ್ಮ ಸೀಮೆಯವನಂತೆ. ಇನ್ನೂ ಹರಿದಿಲ್ಲ, ಮುಂದಿನದು ಹೇಳಲಾರೆ ಎಂದು ಉರ್ಹೊ ಬರೆದದ್ದನ್ನು ಓದಿದಾಗಲೇ ಅವಳು ಕೊಳ್ಳುವ ಮನಸ್ಸು ಮಾಡಿದ್ದಳಂತೆ. ಅಂಥ ಮೂರು ನಕ್ಷತ್ರ ಅಪ್ಪನ ಬಾಯಿಂದ ತನಗೂ ಎಂದೂ ಬಂದಿರಲಿಲ್ಲ ಎಂದಳಂತೆ. ಆದರೆ ಎಲ್ಲ ಕೋಣೆಗೂ ಈಗಲೇ ಬೇಡ. ನಂಬಿಕೆಗೆ ಒಂದು ಗೀರು ಬಿದ್ದಿದೆ, ಸುಳ್ಳು ಹೇಳುವುದಿಲ್ಲ. ಈ ಚಳಿಗಾಲಕ್ಕೆ ಕೆಳಗಿನ ಮಹಡಿಗೆ ಮಾತ್ರ ಕಳಿಸಿ, ಅತಿಥಿಗಳ ಕಾಲು ಏನು ಹೇಳುತ್ತದೋ ನೋಡಿ ಮುಂದಿನದು. ಮತ್ತೆ ಆ ಒನೆರ್ವಾಳನ್ನು ತೆಗೆದುಹಾಕಿ.

ರೇತ್ತಾ ಅಲ್ಲೇ ನಿಂತು ಜೇಬಿನಿಂದ ಫೋನ್ ತೆಗೆದು ಒನೆರ್ವಾಳನ್ನು ಅಳಿಸಿದಳು. ಅಂಗಡಿ ಮತ್ತೆ ಪಾತಾಳಕ್ಕೆ ಇಳಿಯಿತು. ಅರ್ಧ ಆರ್ಡರ್ ನನ್ನಿಂದ ಹೋಯಿತು ಎಂದು ಹೇಳಲು ಹೊರಟಳು. ಯಂತ್ರ ಈ ವರ್ಷ ಎಲ್ಲೂ ಹೋಗುವುದಿಲ್ಲ, ಸುಮ್ಮನಿರು ಎಂದು ತೈಮಿ ಮಾತು ಕತ್ತರಿಸಿದಳು. ಎದ್ದು ಮತ್ತೆ ಉಣ್ಣೆಯ ಮುಂದೆ ಬಂದು ನಿಂತಳು, ಅದರ ಮೇಲೆ ಕೈಯಿಟ್ಟಳು. ನಾದಲಿಲ್ಲ.

“ಹೇಳು,” ಎಂದಳು.

“ಏನು ಅತ್ತೆ?”

“ಕುವೊಪಿಯೊದಿಂದ ಹೇಳಿದ್ದನ್ನ. ಇಲ್ಲಿ ನಿಂತ್ಕೊಂಡು ಹೇಳು.”

ಪರಊರಿನ ಹಲ್ಲಿನ ಡಾಕ್ಟರನ್ನು ಕಣ್ಣು ಮುಚ್ಚಿ ಹೊಗಳಬಲ್ಲ ರೇತ್ತಾ ಕಿಟಕಿ ನೋಡಿದಳು, ಸಾಬೂನಿನ ನೊರೆ ನೋಡಿದಳು, ಕೊನೆಗೆ ಆ ಕೆಂಪು ಕೈಗಳನ್ನು ನೋಡಿದಳು.

“ಅಮ್ಮ ಹೋದಾಗ ನನಗೆ ಏಳಕ್ಕೇ ಆಗ್ತಿರ್ಲಿಲ್ಲ,” ಎಂದಳು. “ನೀವು ಬೂಟಿಟ್ಟು ಹೋದ್ರಿ. ಅವತ್ತು ಎದ್ದೆ. ಇಂಥ ಕೈ ನಾನು ಎಲ್ಲೂ ನೋಡಿಲ್ಲ, ಅತ್ತೆ. ಈ ಅಂಗಳದಲ್ಲಿ ನೀವಿದೀರಿ ಅಂತಲೇ ಇದು ನನ್ನ ಮನೆ.”

ತೈಮಿ ತಲೆಯೆತ್ತಲಿಲ್ಲ. ಕತ್ತಿನಿಂದ ಕಿವಿಯ ತನಕ ಕೆಂಪಾಗಿ ಹೋಗಿದ್ದಳು. ಕೊನೆಗೊಮ್ಮೆ ಉಣ್ಣೆಯನ್ನು ಒಂದು ಸಲ ತಿರುವಿ ಹಾಕಿದಳು.

“ಇನ್ನೊಂದ್ ಸಲ ಹೇಳು,” ಎಂದಳು. “ನೀರಿನ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ.”

ನಲ್ಲಿ ನಿಂತು ಆಗಲೇ ಬಹಳ ಹೊತ್ತಾಗಿತ್ತು. ರೇತ್ತಾ ಹತ್ತಿರ ಹೋಗಿ, ಮೊದಲಿನಿಂದ ಹೇಳಿದಳು.